ಫಿಜಿಯೋಥೆರಪಿ ಓದುವ ನಮ್ಮ ಮಕ್ಕಳು

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಭಾನುವಾರದ ಕೂಟದಲ್ಲಿ ಸಾಮಾನ್ಯವಾಗಿ ಸಾಹಿತ್ಯದ ಮಾತು ನಡೆಯುತ್ತದೆ. ಈ ಸಲ ಮಕ್ಕಳ ಓದಿನ ವಿಷಯ ಏನಾದರೂ ಹೇಳಿರೆಂದು ಕಾರ್ಯದರ್ಶಿಗಳು ನಮಗೆ ಒಪ್ಪಿಸಿದ್ದಾರೆ. ನಾವು ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆಯುವವರು. ಮೆಟ್ರಿಕ್ಕಿನಿಂದ ಮುಂದೆ ಓದಿದವರಲ್ಲ. ಆದರೆ ಸಂಜೆ ಏಳರಿಂದ ವಾಚನಾಲಯದ ಬೀಗದ ಕೈ ನಮ್ಮ ಹತ್ತಿರ ಇರುವುದರಿಂದ, ಇಲ್ಲಿ ಕೂತು ಓದುವ ಮಕ್ಕಳ ಪುಸ್ತಕಗಳನ್ನೂ ಅವರ ಮುಖಗಳನ್ನೂ ನೋಡುತ್ತ ಬಂದಿದ್ದೇವೆ. ಅವರಲ್ಲಿ ಮೂವರು ಫಿಜಿಯೋಥೆರಪಿ ಪದವಿಗೆ ಓದುತ್ತಿದ್ದಾರೆ. ಮೊದಲ ವರುಷ ಒಂದು ವಿಷಯದಲ್ಲಿ ನಪಾಸಾದ ಹುಡುಗಿಯೊಬ್ಬಳನ್ನು ಓದು ಬಿಡಿಸುವ ಮಾತು ಆಕೆಯ ಮನೆಯಲ್ಲಿ ನಡೆದಿದೆ. ತಂದೆಯವರು ಇಲ್ಲಿಯೇ ಕೂತಿದ್ದಾರೆ. ಅವರ ಒಪ್ಪಿಗೆ ಪಡೆದೇ, ಹೆಸರೆತ್ತದೆ ಮಾತಾಡುತ್ತೇವೆ.

ಅವರು ನಮ್ಮನ್ನು ಕೇಳಿದ್ದು ಇಷ್ಟೇ: "ಮಾಲೀಶು ಮಾಡೂದು ಕಲಿಯಾಕ ನಾಲ್ಕೂವರಿ ವರ್ಷ ಯಾಕ ಬೇಕ್ರಿ?"

ಪ್ರಶ್ನೆ ತಪ್ಪಲ್ಲ. ದುಡ್ಡು ಕೊಡುವವರು ಕೇಳಲೇಬೇಕು. ಉತ್ತರ ಹುಡುಕಲು ನಾವು ಆ ಮೂವರನ್ನೂ ಕೂಡಿಸಿಕೊಂಡು ಮೂರು ಸಂಜೆ ಕೇಳಿದೆವು, ಪುಸ್ತಕಗಳನ್ನೂ ತಿರುವಿದೆವು.

ಈ ವಿದ್ಯೆ ನಮ್ಮ ದೇಶದಲ್ಲಿ ಬೇರೂರಿದ್ದು ಮುಂಬಯಿಯಲ್ಲಿಯೇ, ಅದೂ ಗಿರಣಿಗಳ ನಡುವಿನ ಪರೇಲಿನಲ್ಲಿ. ಪೋಲಿಯೋ ಬಂದು ಮಕ್ಕಳ ಕಾಲು ಸೋತುಹೋಗುತ್ತಿದ್ದ ಕಾಲ. ಫಾತಿಮಾ ಇಸ್ಮಾಯಿಲ್ ಎಂಬ ತಾಯಿ, ತಮ್ಮ ಮಗಳಿಗೆ ಆ ಬೇನೆ ತಗುಲಿದ ಮೇಲೆ, ಇಂಥ ಮಕ್ಕಳಿಗಾಗಿ 1947ರಲ್ಲಿ ಮುಂಬಯಿಯಲ್ಲಿ ಚಿಕಿತ್ಸಾಲಯ ತೆರೆದರು. 1953ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕೆ.ಇ.ಎಂ. ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಶಾಲೆ ಆರಂಭವಾಯಿತು. ಪೋಲಿಯೋ ಈಗ ಹೋಗಿದೆ. 2011ರ ಜನವರಿಯ ನಂತರ ದೇಶದಲ್ಲಿ ಅದರ ಕಾಡುರೋಗಾಣುವಿನ ಪ್ರಕರಣ ಕಂಡಿಲ್ಲ. ವಿದ್ಯೆ ಮಾತ್ರ ಉಳಿಯಿತು. ಲಕ್ವ ಹೊಡೆದವರು, ಮೂಳೆ ಮುರಿದವರು, ಸುಟ್ಟವರು, ಉಸಿರು ಕಟ್ಟಿದವರು ಎಲ್ಲರೂ ಅದರ ಕೈಗೆ ಬಂದರು.

ಪ್ರವೇಶದ ವಿಷಯ ಬೇಗ ಹೇಳಿಬಿಡುತ್ತೇವೆ. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದಿ ನೇರವಾಗಿ ಸೇರಬಹುದು; ನಡುವೆ ಬೇರೆ ಪದವಿ ಬೇಕಿಲ್ಲ. ಅಮೆರಿಕದಲ್ಲಿ ಹೆಚ್ಚಿನವರು ಮೊದಲು ಒಂದು ಪದವಿ ಮುಗಿಸಿ, ಆಮೇಲೆ ಮೂರು ವರುಷ ಇದನ್ನು ಓದುತ್ತಾರೆ. ಮಹಾರಾಷ್ಟ್ರದಲ್ಲಿ ನೀಟ್ ಅಂಕಗಳ ಮೇಲೆ ಸೀಟು ಸಿಗುತ್ತದೆ. ನಮ್ಮ ಮೂವರು ಸೇರಿದಾಗಿನ ನಿಯಮದಂತೆ ನಾಲ್ಕು ವರುಷ ಓದು, ಆರು ತಿಂಗಳು ಆಸ್ಪತ್ರೆಯ ಇಂಟರ್ನ್‌ಶಿಪ್. 2025ರಲ್ಲಿ ಹೊರಬಂದ ಹೊಸ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ಪೇ ಒಂದು ವರುಷ, ಒಟ್ಟು ಐದು. ಮಕ್ಕಳನ್ನು ಇನ್ನು ಮುಂದೆ ಸೇರಿಸುವವರು ಕಾಲೇಜಿನಲ್ಲಿ ಇದನ್ನು ಕೇಳಿಯೇ ಲೆಕ್ಕ ಹಾಕಬೇಕು.

ಮೊದಲ ವರುಷವೇ ಕಠಿಣ. ಮನುಷ್ಯನ ಮೈಯಲ್ಲಿ 206 ಎಲುಬು. ಒಂದೊಂದರ ಮೇಲೂ ಗೀರು, ಗುಂಡಿ, ಉಬ್ಬು, ಪ್ರತಿಯೊಂದಕ್ಕೂ ಹೆಸರು. ಒಂದೊಂದು ಸ್ನಾಯು ಎಲ್ಲಿ ಹುಟ್ಟಿತು, ಎಲ್ಲಿ ಅಂಟಿತು, ಯಾವ ನರ ಅದನ್ನು ಆಡಿಸುತ್ತದೆ, ಅದರ ಕೆಲಸವೇನು, ಈ ನಾಲ್ಕನ್ನೂ ಬಾಯಲ್ಲಿ ಹೇಳಬೇಕು. ಕುತ್ತಿಗೆಯಿಂದ ಐದು ನರದ ಬೇರುಗಳು ಹೊರಟು, ಕೂಡಿ, ಕವಲೊಡೆದು, ಮತ್ತೆ ಕೂಡಿ ತೋಳಿಗೆ ಇಳಿಯುತ್ತವೆ. ಅದಕ್ಕೆ ಬ್ರೇಕಿಯಲ್ ಪ್ಲೆಕ್ಸಸ್ ಎಂದು ಹೆಸರು. ಮಗ್ಗದಲ್ಲಿ ನೂಲು ತೊಡಕು ಬಿದ್ದಂತಿರುವ ಆ ಚಿತ್ರವನ್ನು ಈ ಮಕ್ಕಳು ನಮ್ಮ ವಾಚನಾಲಯದ ಹಳೆಯ ವೃತ್ತಪತ್ರಿಕೆಗಳ ಅಂಚಿನಲ್ಲೆಲ್ಲ ಬರೆದಿಟ್ಟಿದ್ದಾರೆ. (ರದ್ದಿಯವನು ತೂಕದಲ್ಲೇನೂ ಕಡಿಮೆ ಮಾಡಲಿಲ್ಲ.)

ಓದಲು ನಿಜವಾದ ಎಲುಬುಗಳೇ ಬೇಕು. ಮೇಲಿನ ತರಗತಿಯವರಿಂದ ಹಳೆಯ ಪೆಟ್ಟಿಗೆಯನ್ನು ಅರ್ಧ ಬೆಲೆಗೆ ಕೊಳ್ಳುವುದು ರೂಢಿ. ಹಾಸ್ಟೆಲಿನಲ್ಲಿ ಇರುವವರಿಗೆ ಅಡ್ಡಿಯಿಲ್ಲ. ಆದರೆ ಒಂದೇ ಕೋಣೆಯ ಚಾಳಿನಲ್ಲಿ, ಮಂಚದ ಕೆಳಗೆ, ದೇವರ ಗೂಡಿನಿಂದ ಮೂರು ಮೊಳದ ಮೇಲೆ ಆ ಪೆಟ್ಟಿಗೆ ಬಂದರೆ? "ಯಾರ ಎಲುಬೋ ಏನೋ, ಮನ್ಯಾಗ ಇಟಗೊಂಡು ಉಣ್ಣೂದು ಹ್ಯಾಂಗ?" ಎಂದು ಅಜ್ಜಿ ಎರಡು ದಿನ ಊಟ ಬಿಟ್ಟರು. ಅಜ್ಜಿಯನ್ನು ನಾವು ಬೈಯುವುದಿಲ್ಲ; ಅವರ ಕಾಲದ ನಡೆ ಅದು. ಹುಡುಗಿ ಪೆಟ್ಟಿಗೆಯನ್ನು ಗೆಳತಿಯ ಮನೆಗೆ ಒಯ್ದಿಟ್ಟಳು. ಎಲುಬು ಒಂದು ಕಡೆ, ಓದುವವಳು ಒಂದು ಕಡೆ ಆಯಿತು. ಅನಾಟಮಿಯಲ್ಲಿ ನಪಾಸಾದಳು. ತಂದೆಯವರೇ, ನಿಮ್ಮ ಮಗಳು ದಡ್ಡಳಾಗಿ ನಪಾಸಾದಳೆಂದು ನಾವು ನಂಬುವುದಿಲ್ಲ. ಉಳಿದ ವಿಷಯಗಳಲ್ಲೆಲ್ಲ ಪಾಸಾಗಿದ್ದಾಳೆ.

ಮಾಲೀಶಿನ ಮಾತಿಗೆ ಬರೋಣ. ಅದೂ ಒಂದಿಷ್ಟು ಕಲಿಸುತ್ತಾರೆ, ಸುಳ್ಳಲ್ಲ. ಆದರೆ ಮುಟ್ಟುವ ಮೊದಲು ಅಳೆಯುವುದನ್ನು ಕಲಿಸುತ್ತಾರೆ. ಗೋನಿಯೋಮೀಟರ್ ಎಂಬ ಎರಡು ಕಡ್ಡಿಯ ಕೋನಮಾಪಕವಿದೆ. ತೋಳು ಪಕ್ಕದಿಂದ ಮೇಲಕ್ಕೆ 180 ಡಿಗ್ರಿ ಏಳಬೇಕು; ಎಷ್ಟಕ್ಕೆ ನಿಂತಿತೆಂದು ಬರೆಯಬೇಕು. ಸ್ನಾಯುವಿನ ಬಲಕ್ಕೆ ಸೊನ್ನೆಯಿಂದ 5ರ ತನಕ ಅಂಕ. ಅಲುಗಾಟವೇ ಇಲ್ಲದಿದ್ದರೆ ಸೊನ್ನೆ. ಭೂಮಿಯ ಸೆಳೆತಕ್ಕೆ ಎದುರಾಗಿ ಅಂಗ ಪೂರ್ತಿ ಎದ್ದರೆ 3. ನಾವು ಕೈಯಿಂದ ಒತ್ತಿ ತಡೆದರೂ ಸೋಲದಿದ್ದರೆ 5. ಇದನ್ನೆಲ್ಲ ರೋಗಿಯ ಮೇಲೆ ಮಾಡುವ ಮೊದಲು ಒಬ್ಬರ ಮೇಲೊಬ್ಬರು ಮಾಡಿ ಕಲಿಯಬೇಕು. ಒಂದು ದಿನ ಇವಳು ರೋಗಿ, ಮರುದಿನ ಅವಳು ರೋಗಿ.

ಕರೆಂಟಿನ ಯಂತ್ರಗಳು ಬೇರೆ. ಶಾಖ ಕೊಡುವ ಮುನ್ನ ಒಂದು ನಳಿಕೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ಹಿಡಿದು, ರೋಗಿಗೆ ಕಣ್ಣು ಮುಚ್ಚಿಸಿ, ಬಿಸಿ ಯಾವುದು ತಣ್ಣಗಿರುವುದು ಯಾವುದು ಎಂದು ಕೇಳಬೇಕು. ಸಕ್ಕರೆ ಬೇನೆಯಿಂದ ಸ್ಪರ್ಶ ಸತ್ತವರಿಗೆ ಮೈ ಸುಡುವುದು ಗೊತ್ತೇ ಆಗದು. ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರ ಹತ್ತಿರ ಡಯಾಥರ್ಮಿ ಯಂತ್ರ ಹಚ್ಚಲೇಬಾರದು. ಸಂತೆಯಲ್ಲಿ ಎಣ್ಣೆ ತಿಕ್ಕುವವನು ಇದನ್ನು ಕೇಳುತ್ತಾನೆಯೆ? ವರುಷಗಳು ಹಿಡಿಯುವುದು ಇದಕ್ಕೇ.

ಮುಂದೆ ವಾರ್ಡುಗಳಲ್ಲಿ ಕೆಲಸ. ಮುಂಜಾನೆ ರೋಗಿಗಳು, ಮಧ್ಯಾಹ್ನ ಪಾಠ, ನಡುವೆ ಲೋಕಲ್ ಗಾಡಿಯಲ್ಲಿ ನಿಂತೇ ಓದು. ಮೂವರಲ್ಲಿ ಹಿರಿಯವಳು ಈಗ ಕೊನೆಯ ವರುಷದಲ್ಲಿದ್ದಾಳೆ. ಕಲಬುರಗಿ ಕಡೆಯ ಗೌಂಡಿ ಕೆಲಸದ ಮುದುಕರೊಬ್ಬರು ಲಕ್ವ ಹೊಡೆದು ಅವಳ ವಾರ್ಡಿಗೆ ಬಂದರಂತೆ. ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಹೇಳಿದ್ದು ಮಾಡುವುದಿಲ್ಲವೆಂದು ಎಲ್ಲರಿಗೂ ಬೇಸರ. ಇವಳು ಹೋಗಿ "ಕಾಕಾ, ಎಡಗಾಲ ಮ್ಯಾಲ ಭಾರ ಹಾಕ್ರಿ, ನಾ ಹಿಡದೀನಿ" ಎಂದಳು. ಮುದುಕರು ಅವಳ ಮುಖ ನೋಡಿ, ಅತ್ತು, ಎದ್ದು ನಿಂತರು. ಇದರ ಇನ್ನೊಂದು ಮಗ್ಗುಲೂ ಉಂಟು: ಮಂಗಳೂರು, ಬೆಂಗಳೂರಿನ ಕಾಲೇಜುಗಳಿಗೆ ಬರುವ ಕೇರಳದ ಮಕ್ಕಳು "ನೋವು ಎಲ್ಲಿ", "ಉಸಿರು ಎಳ್ಕೊಳ್ಳಿ" ಎಂಬಷ್ಟು ಕನ್ನಡವನ್ನು ಮೊದಲು ಕಲಿಯುತ್ತಾರೆ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಸರಕಾರಿ ಮತ್ತು ನಗರಪಾಲಿಕೆಯ ಕಾಲೇಜಿಗೂ ಖಾಸಗಿ ಕಾಲೇಜಿಗೂ ಫೀಯಲ್ಲಿ ಅಜಗಜಾಂತರ. ಖಾಸಗಿಯಲ್ಲಿ ಸಾಲ ಮಾಡಿ ಓದಿಸಿದರೆ ಮೊದಲ ಕೆಲಸದ ಸಂಬಳದಿಂದ ಆ ಸಾಲ ಬೇಗ ತೀರುವುದಿಲ್ಲ. ಸ್ನಾತಕೋತ್ತರಕ್ಕೆ ಮತ್ತೆ ಎರಡು ವರುಷ. ನಮ್ಮ ಅಭಿಪ್ರಾಯ ಕೇಳುವುದಾದರೆ, ಸರಕಾರಿ ಸೀಟು ಸಿಕ್ಕವರು ಕಣ್ಣು ಮುಚ್ಚಿ ಸೇರಲಿ. ಖಾಸಗಿಗೆ ಹೋಗುವವರು ಆ ಕಾಲೇಜಿಗೆ ತನ್ನದೇ ಆಸ್ಪತ್ರೆ ಉಂಟೋ, ದಿನಕ್ಕೆ ಎಷ್ಟು ರೋಗಿಗಳು ಬರುತ್ತಾರೋ ನೋಡಿ ಬರಲಿ. ರೋಗಿಗಳಿಲ್ಲದ ಕಾಲೇಜಿನಲ್ಲಿ ಈ ವಿದ್ಯೆ ಬಾರದು. ಈ ಹುಡುಗಿಯ ಸೀಟು ಸರಕಾರಿಯದು. ಬಿಟ್ಟರೆ ಮತ್ತೆ ನೀಟಿನಿಂದಲೇ ಶುರು.

ಮರುಪರೀಕ್ಷೆಗೆ ಇನ್ನು ಆರು ವಾರ ಉಳಿದಿದೆ. ಎಲುಬಿನ ಪೆಟ್ಟಿಗೆಯನ್ನು ವಾಚನಾಲಯದ ಹಿಂದಿನ ಕಪಾಟಿನಲ್ಲಿಡಲು ಕಾರ್ಯಕಾರಿ ಸಮಿತಿ ನಿನ್ನೆ ಒಪ್ಪಿದೆ. ಕಪಾಟಿಗೆ ಬೀಗವಿದೆ, ಹೆದರುವವರು ಹೆದರಬೇಕಾಗಿಲ್ಲ. ಹಿರಿಯವಳು ಮಂಗಳವಾರ ಮತ್ತು ಶುಕ್ರವಾರ ಬಂದು ಹೇಳಿಕೊಡುತ್ತೇನೆ ಎಂದಿದ್ದಾಳೆ. ಅಲ್ಲಿಯ ತನಕ ನಾವು ಬಾಗಿಲನ್ನು ಒಂಬತ್ತರ ಬದಲು ರಾತ್ರಿ ಹನ್ನೊಂದಕ್ಕೆ ಮುಚ್ಚುತ್ತೇವೆ. ಫ್ಯಾನಿನ ಕೆಳಗಿನ ಮೇಜನ್ನು ಕೇರಂ ಆಡುವವರು ಆರು ವಾರ ಬಿಟ್ಟುಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ತಂದೆಯವರೇ, ನಿಮ್ಮ ತೀರ್ಮಾನವನ್ನು ಪರೀಕ್ಷೆಯ ಫಲ ಬರುವ ತನಕ ತಡೆದಿಡಿ.