ಥೈರಾಯಿಡ್ ಮತ್ತು ನಮ್ಮ ತೂಕ
(ಸಂಸ್ಥಾಪನಾ ದಿನದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಬ್ಬದೂಟಕ್ಕೆ ಮೊದಲು ತೂಕದ ಬಗ್ಗೆ ಮಾತನಾಡಲು ನಮ್ಮಿಬ್ಬರನ್ನು ನಿಲ್ಲಿಸಿರುವುದು ಸಮಿತಿಯವರ ಕಾಳಜಿಯೋ, ಹೋಳಿಗೆ ಉಳಿಸುವ ಉಪಾಯವೋ ತಿಳಿಯದು. ಗಂಡ ಹೆಂಡತಿ ಇಬ್ಬರೂ ವೈದ್ಯರಾದ ಕಾರಣ, ಕೂಟದ ಸಮಾರಂಭಗಳಲ್ಲಿ ತಟ್ಟೆ ಹಿಡಿದು ನಿಂತ ಕೂಡಲೇ ನಮಗೆ ಎದುರಾಗುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಎಷ್ಟು ನಡೆದರೂ ಮೈ ಇಳಿಯುತ್ತಿಲ್ಲ. ಥೈರಾಯಿಡ್ ಇರಬಹುದೇ?" ಕೆಲವರು ಇನ್ನೂ ಮುಂದೆ ಹೋಗಿ, ಪರೀಕ್ಷೆಯನ್ನೇ ಮಾಡಿಸದೆ ಊರಿನಿಂದ ಬರುವವರ ಕೈಯಲ್ಲಿ ಥೈರಾಯಿಡ್ ಮಾತ್ರೆ ತರಿಸಿಕೊಂಡಿರುತ್ತಾರೆ. ಪ್ರಶ್ನೆಗೆ ಉತ್ತರ ಕೊಡಬೇಕು, ಈ ಅಭ್ಯಾಸವನ್ನು ತಡೆಯಬೇಕು. ಅದಕ್ಕಾಗಿಯೇ ಇಂದಿನ ನಮ್ಮ ಮಾತು.

ಥೈರಾಯಿಡ್ ಎಂಬುದು ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಪುಟ್ಟ ಗ್ರಂಥಿ. ಆಹಾರದಲ್ಲಿರುವ ಅಯೋಡಿನ್ ಬಳಸಿ ಅದು ಥೈರಾಕ್ಸಿನ್ ಎಂಬ ರಸವನ್ನು ತಯಾರಿಸುತ್ತದೆ. ಬಚ್ಚಲಮನೆಯ ಹಂಡೆಯೊಲೆಯ ಉರಿ ಹೇಗೋ ನಮ್ಮ ದೇಹಕ್ಕೆ ಈ ರಸ ಹಾಗೆ. ಉರಿ ತಗ್ಗಿದರೆ ಎಲ್ಲವೂ ನಿಧಾನ: ಆಯಾಸ, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಮುಟ್ಟಿನ ಏರುಪೇರು, ಮರೆವು, ಮಂಕು. ಎಲ್ಲರೂ ಆರಾಮವಾಗಿರುವ ಕೋಣೆಯಲ್ಲಿ ಇವರೊಬ್ಬರಿಗೆ ಚಳಿ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹಲವು ಪಟ್ಟು ಹೆಚ್ಚು. ಸಾಮಾನ್ಯ ಕಾರಣ ಹಾಶಿಮೊಟೊ ಕಾಯಿಲೆ. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಾಶಿಮೊಟೊ ಇದನ್ನು ಮೊದಲು ವರ್ಣಿಸಿದರು. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವ ಕಾಯಿಲೆ ಇದು.

ಈಗ ತೂಕದ ವಿಚಾರ. ಥೈರಾಯಿಡ್ ತಗ್ಗಿದಾಗ ತೂಕ ಏರುವುದು ನಿಜ. ಆದರೆ ಸಾಮಾನ್ಯವಾಗಿ ಅದು 5ರಿಂದ 10 ಪೌಂಡ್ ಮಾತ್ರ, ಅದರಲ್ಲೂ ಹೆಚ್ಚಿನ ಪಾಲು ಮೈಯಲ್ಲಿ ನಿಂತ ಉಪ್ಪು ಮತ್ತು ನೀರು. ಚಿಕಿತ್ಸೆ ಸರಿಯಾಗಿ ನಡೆದರೆ ಇಳಿಯುವ ತೂಕವೂ ಸಾಮಾನ್ಯವಾಗಿ ನೂರಕ್ಕೆ ಹತ್ತು ಪಾಲಿನ ಒಳಗೇ. ನಲವತ್ತು ಪೌಂಡ್ ಏರಿಸಿಕೊಂಡು ಎಲ್ಲವನ್ನೂ ಥೈರಾಯಿಡ್ ಮೇಲೆ ಹೊರಿಸಿದರೆ, ಕುಣಿಯಲಾರದವಳು ನೆಲ ಡೊಂಕು ಎಂದಂತೆ ಆದೀತು. ನಮ್ಮ ಪಾಟ್‌ಲಕ್ ಊಟಗಳಿಗೂ ಕುರ್ಚಿಯ ಉದ್ಯೋಗಗಳಿಗೂ ಅದರಲ್ಲಿ ಪಾಲಿದೆ.

ಆದರೆ ಈ ಗಾದೆಯನ್ನು ಮನೆಯ ಹೆಣ್ಣುಮಕ್ಕಳ ಮೇಲೆ ಪ್ರಯೋಗಿಸಬೇಡಿ. "ವಯಸ್ಸಾಯಿತು", "ಸೋಮಾರಿತನ", "ಊರಿನ ನೆನಪು" ಎಂದು ತಳ್ಳಿಹಾಕಿದ ಆಯಾಸದ ಹಿಂದೆ ನಿಜವಾದ ಕಾಯಿಲೆ ಇದ್ದೀತು. ಟಿಎಸ್‌ಎಚ್ ಎಂಬ ಒಂದು ರಕ್ತಪರೀಕ್ಷೆಯಿಂದ ಬಹುಮಟ್ಟಿಗೆ ತಿಳಿಯುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಪರೀಕ್ಷೆಗೆ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಫಲಿತಾಂಶ ತಪ್ಪಾಗಬಹುದು.

ಇನ್ನು ಮಾತ್ರೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯಿಡ್ ರಸವನ್ನು ಚುಚ್ಚಿ ಒಬ್ಬ ಹೆಂಗಸನ್ನು ಗುಣಪಡಿಸಿದರು. ಆಕೆ ಮತ್ತೆ 28 ವರ್ಷ ಬದುಕಿದರು. ಇಂಥ ಸಂಜೀವಿನಿಯನ್ನು ಜನ ಬೇಗನೆ ಮೈ ಇಳಿಸುವುದಕ್ಕೂ ಬಳಸತೊಡಗಿದರು. 1960ರ ದಶಕದಲ್ಲಿ ಇದೇ ಅಮೆರಿಕದಲ್ಲಿ ಥೈರಾಯಿಡ್ ಮತ್ತು ಆಂಫೆಟಮಿನ್ ಬೆರೆತ ಬಣ್ಣಬಣ್ಣದ "ಕಾಮನಬಿಲ್ಲು" ಮಾತ್ರೆಗಳು ಧಾರಾಳವಾಗಿ ಮಾರಾಟವಾದವು. ಸಾವುಗಳು ಸಂಭವಿಸಿದ ಮೇಲೆ 1968ರಲ್ಲಿ ಸರ್ಕಾರ ಕ್ರಮ ಕೈಗೊಂಡಿತು. ಇಂದು ಈ ಔಷಧಿಯ ವಿವರಪತ್ರದಲ್ಲಿ, ತೂಕ ಇಳಿಸಲು ಇದನ್ನು ಬಳಸಕೂಡದು ಎಂಬ ಎಚ್ಚರಿಕೆ ಚೌಕಟ್ಟಿನೊಳಗೆ ಅಚ್ಚಾಗಿರುತ್ತದೆ. ಆರೋಗ್ಯವಾಗಿರುವ ಗ್ರಂಥಿಯವರು ಇದನ್ನು ಹೆಚ್ಚಾಗಿ ನುಂಗಿದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಮೂಳೆ ತೆಳುವಾಗುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ. ತಾಳ ತಪ್ಪಿದ ಹೃದಯದಿಂದ ಪಾರ್ಶ್ವವಾಯು ಬರುವ ಸಂಭವವಿದೆ. ಹೃದ್ರೋಗ, ಸಕ್ಕರೆ ಕಾಯಿಲೆ ಮೊದಲೇ ಬೇಗ ಕಾಡುವ ನಮ್ಮ ಜನಕ್ಕೆ ಈ ಸಾಹಸ ಬೇಡ.

ನಿಜವಾಗಿ ಕಾಯಿಲೆ ಇರುವವರಿಗೆ ಇದೇ ಮಾತ್ರೆ ಅಮೃತ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಳ್ಳಿ. ಫಿಲ್ಟರ್ ಕಾಫಿ ಅರ್ಧದಿಂದ ಒಂದು ಗಂಟೆ ಕಾಯಲಿ! ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ. ಪ್ರಮಾಣ ಬದಲಾದರೆ ಆರರಿಂದ ಎಂಟು ವಾರದಲ್ಲಿ ಮತ್ತೆ ರಕ್ತಪರೀಕ್ಷೆ ಮಾಡಿಸಿ. ರಜೆಯಲ್ಲಿ ಊರಿಗೆ ಹೋದಾಗ ನಿಲ್ಲಿಸಬೇಡಿ. ಈ ಮಾತ್ರೆ ತೆಗೆದುಕೊಳ್ಳುವ ಸೋದರಿಯರು ಬಸುರಿ ಎಂದು ತಿಳಿದ ದಿನವೇ ವೈದ್ಯರಿಗೆ ಫೋನ್ ಮಾಡಿ. ಆಗ ಪ್ರಮಾಣವನ್ನು ಸಾಮಾನ್ಯವಾಗಿ ಏರಿಸಬೇಕಾಗುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳಿಗೆ ತಾಯಿಯ ಥೈರಾಕ್ಸಿನ್ನೇ ಆಧಾರ.

ಕೊನೆಯದಾಗಿ ಅಡಿಗೆಮನೆಯ ಉಪ್ಪು. 1956ರಿಂದ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಡಾ. ರಾಮಲಿಂಗಸ್ವಾಮಿಯವರ ತಂಡ ನಡೆಸಿದ ಪ್ರಯೋಗ, ಅಯೋಡಿನ್ ಬೆರೆತ ಉಪ್ಪಿನಿಂದ ಗಳಗಂಡ ತಗ್ಗುವುದೆಂದು ಭಾರತಕ್ಕೆ ತೋರಿಸಿಕೊಟ್ಟಿತು. ಅಮೆರಿಕದ ಮಿಷಿಗನ್‌ನಲ್ಲಿ 1924ರಲ್ಲೇ ಇಂಥ ಉಪ್ಪು ಅಂಗಡಿಗೆ ಬಂದಿತ್ತು. ಆದರೆ ಇಲ್ಲಿ ಅದು ಕಡ್ಡಾಯವಲ್ಲ. ಕೋಷರ್ ಉಪ್ಪು, ಸಮುದ್ರದ ಉಪ್ಪು, ಗುಲಾಬಿ ಉಪ್ಪುಗಳಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಮೀನು ತಿನ್ನದ, ಹಾಲು ಮೊಸರನ್ನೂ ಬಿಟ್ಟ ಮನೆಗಳವರು ಡಬ್ಬಿಯ ಮೇಲಿನ ಅಕ್ಷರ ಓದಿ ಕೊಳ್ಳಿ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಬಸುರಿಯರಿಗೆ 220 ಮೈಕ್ರೋಗ್ರಾಂ ಅಯೋಡಿನ್ ಬೇಕು. ಹಾಗೆಂದು ಉಪ್ಪನ್ನು ಹೆಚ್ಚಿಸಬೇಡಿ, ಬಗೆಯನ್ನಷ್ಟೇ ಬದಲಿಸಿ. ಕಡಲಪಾಚಿಯ ಮಾತ್ರೆಗಳ ಮೊರೆ ಹೋಗುವುದೂ ಬೇಡ. ಅಯೋಡಿನ್ ಅತಿಯಾದರೂ ಗ್ರಂಥಿ ಕೆಡುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂದರು ನಮ್ಮ ಹಿರಿಯರು. ಥೈರಾಯಿಡ್ ಕಾಯಿಲೆ ಊಟ ಬಲ್ಲವರಿಗೂ ಬರುತ್ತದೆ, ಅದು ಯಾರ ತಪ್ಪೂ ಅಲ್ಲ. ಸಂಶಯವಿದ್ದವರು ಪರೀಕ್ಷಿಸಿಕೊಳ್ಳಿ. ಕಾಯಿಲೆ ಇದ್ದರೆ ಮಾತ್ರೆ ತಪ್ಪಿಸಬೇಡಿ, ಇಲ್ಲದಿದ್ದರೆ ಮುಟ್ಟಬೇಡಿ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ, ಸದಾ ಸುಸ್ತು ಎನ್ನುವ ಅಮ್ಮನಿಗೂ ಅಕ್ಕನಿಗೂ ಈ ಪರೀಕ್ಷೆಯ ವಿಷಯ ತಿಳಿಸಿ.

ಹೋಳಿಗೆ ಆರುತ್ತಿದೆ. ಒಂದೊಂದು ತಿನ್ನಲು ನಮ್ಮ ಅನುಮತಿ ಇದೆ!