ಕುಂತಲ್ಲಿ ಕೂರದ ಮಗುವಿಗೆ ಹತ್ತು ನಿಮಿಷದ ಪೇಟಿ

(ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ತಾಯಂದಿರು ಹಾಗೂ ಶಿಕ್ಷಕರ ಸಭೆಯಲ್ಲಿ ನೀಡಿದ ಉಪನ್ಯಾಸ)



ನಾವು ಹಳ್ಳಿಗಳಿಗೆ ಹೋದಾಗ ಬಹಳ ಮಂದಿ ತಾಯಂದಿರು ಒಂದೇ ಮಾತು ಹೇಳ್ತಾರೆ. "ಸಿಸ್ಟರ್, ಇಂವ ಒಂದ ಕಡೆ ಕುಂದ್ರೂದಿಲ್ರಿ. ಬೈದ್ರೂ ಅಷ್ಟ, ಬಡದ್ರೂ ಅಷ್ಟ." ಹಾನಗಲ್ಲ ತಾಲ್ಲೂಕಿನ ಒಬ್ಬ ತಾಯಿಯಂತೂ "ಸಾಲಿ ಬಿಡಿಸಿ ಕುರಿ ಕಾಯಾಕ ಹಚ್ಚತೀವ್ರಿ" ಅಂದರು. ಹುಡುಗನಿಗೆ ಒಂಬತ್ತು ವರ್ಷ. ಶಾಲೆಯವರೂ ಬೇರೆ ಕಡೆ ಸೇರಿಸಿ ಅಂದಿದ್ದರು. ಆಗ ನಾವೂ ತಪ್ಪು ಮಾಡಿದೆವು. ಸಮಾಜಕಾರ್ಯ ಓದಿದ ನಾವೇ "ಸ್ವಲ್ಪ ಶಿಸ್ತು ಕಲಿಸ್ರಿ" ಎಂದು ಹೇಳಿ ಬಂದೆವು. ಮುಂದಿನ ವಾರ ಹೋದಾಗ ಆ ಶಿಸ್ತು ಹುಡುಗನ ಬೆನ್ನ ಮೇಲೆ ಬಾಸುಂಡೆಯಾಗಿ ಮೂಡಿತ್ತು. ಅದನ್ನು ನೋಡಿದ ಮೇಲೆ ನಮಗೆ ಬುದ್ಧಿ ಬಂತು.

ಇಂಥ ಕೆಲವು ಮಕ್ಕಳಿಗೆ ಇರುವುದು ಎ.ಡಿ.ಎಚ್.ಡಿ., ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಪಟ್ಟದ್ದು. ಸೊಕ್ಕು ಅಲ್ಲ, ತಾಯಿ ಬೆಳೆಸಿದ ರೀತಿಯ ದೋಷವೂ ಅಲ್ಲ. ಲೋಕದಲ್ಲಿ 100 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇದೆ ಎಂದು ಅಂದಾಜು. ಹಾಗಂತ ಓಡಾಡುವ ಮಕ್ಕಳಿಗೆಲ್ಲ ಈ ಹೆಸರು ಹಚ್ಚಬಾರದು. ಮನೆಯಲ್ಲೂ ಶಾಲೆಯಲ್ಲೂ ಆರು ತಿಂಗಳಿಗಿಂತ ಹೆಚ್ಚು ಕಾಲ ಹೀಗೇ ಇದ್ದು, ಓದಿಗೆ, ಗೆಳೆತನಕ್ಕೆ ಅಡ್ಡಿಯಾಗುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಅವರೇ ಪರೀಕ್ಷಿಸಿ ಹೇಳಬೇಕು.

ಒಂದು ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: "ಪ್ಯಾಟ್ಯಾಗ ಇಂಥಾ ಮಕ್ಕಳಿಗೆ ಪಿಯಾನೋ ಕಲಸ್ತಾರಂತಲ್ರಿ, ನಾವು ಎಲ್ಲಿಂದ ತರೂಣು?" ಒಳ್ಳೆಯ ಪ್ರಶ್ನೆ. ಆದರೆ ಪಿಯಾನೋದ ತಮ್ಮನಂಥ ವಾದ್ಯ ನಮ್ಮ ಊರಲ್ಲೇ ಇದೆ. ಅದೇ ಪೇಟಿ, ಹಾರ್ಮೋನಿಯಂ. ಅದೇ ಬಿಳಿ ಮತ್ತು ಕಪ್ಪು ಪಟ್ಟಿಗಳು. 1842ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಇಂದು ನಮ್ಮ ಭಜನಾ ಸಂಘಗಳಲ್ಲಿ, ಚರ್ಚುಗಳಲ್ಲಿ, ನಾಟಕದ ಮೇಳಗಳಲ್ಲಿ ಇದೆ. ವಾರದ ಆರು ದಿನ ಬಟ್ಟೆ ಮುಚ್ಚಿಕೊಂಡು ಸುಮ್ಮನೆ ಕೂತಿರುತ್ತದೆ, ಅಲ್ವಾ?

ಆ ಹುಡುಗನಿಗೆ ಊರಿನ ಪೇಟಿ ಮಾಸ್ತರರು ಕಲಿಸಲು ಒಪ್ಪಿದರು. ಮೊದಲು ಅರ್ಧ ಗಂಟೆ ಕೂರಿಸಲು ಹೋಗಿ ಸೋತೆವು. ಆಮೇಲೆ ಹತ್ತು ನಿಮಿಷಕ್ಕೆ ಇಳಿಸಿದೆವು. ಹತ್ತು ನಿಮಿಷ ನುಡಿಸುವುದು, ಅಂಗಳದಲ್ಲಿ ಒಂದು ಸುತ್ತು ಓಡುವುದು, ಮತ್ತೆ ಹತ್ತು ನಿಮಿಷ. ದಿನಾ ಅದೇ ಹೊತ್ತು, ಅದೇ ಜಾಗ. ಒಂದು ಸಲಕ್ಕೆ ಒಂದೇ ಮಾತು: "ಸಾ ಒತ್ತಪಾ." ಪಟ್ಟಿಗಳ ಮೇಲೆ ಬಣ್ಣದ ಟಿಕಳಿ ಅಂಟಿಸಿದೆವು. ಸರಿ ನುಡಿಸಿದ ಕೂಡಲೇ "ಶಹಬ್ಬಾಸ್". ನಾಳೆ ಹೇಳೋಣ ಅಂದರೆ ಇಂಥ ಮಕ್ಕಳಿಗೆ ಮುಟ್ಟುವುದಿಲ್ಲ. ಪೇಟಿಯಲ್ಲಿ ಒಂದು ಕೈ ಗಾಳಿ ಹಾಕಬೇಕು, ಇನ್ನೊಂದು ಕೈ ನುಡಿಸಬೇಕು. ಹಾಗಾಗಿ ಸುಮ್ಮನಿರದ ಕೈಗೂ ಕೆಲಸ ಸಿಗುತ್ತದೆ. ಕೆಲವೊಮ್ಮೆ ಇವನು ಗಾಳಿ ಹಾಕಿದರೆ ತಂಗಿ ನುಡಿಸುತ್ತಾಳೆ. ತನ್ನ ಸರದಿಗೆ ಕಾಯುವ ಪಾಠ ಅಲ್ಲೇ ಆಗುತ್ತದೆ.

ಮಗುವಿಗೆ ಏನು ಬರುವುದಿಲ್ಲ ಎನ್ನುವುದಕ್ಕಿಂತ ಏನು ಬರುತ್ತದೆ ಎಂದು ನೋಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಆ ಬಾಲಕನಿಗೆ ಸಂಗೀತ ಕಲಿಯುವ ದಾರಿ ಮಾಡಿಕೊಟ್ಟರು. ಮುಂದೆ ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳು ಹಾಡಿ, ನುಡಿಸಿ ಬಾಳು ಕಟ್ಟಿಕೊಂಡರು. ಕುರುಡು ಬೇರೆ, ಈ ತೊಂದರೆ ಬೇರೆ. ಆದರೆ ದೊಡ್ಡವರು ನೋಡಬೇಕಾದ ರೀತಿ ಒಂದೇ.

ಒಂದು ಮಾತು ಸ್ಪಷ್ಟವಾಗಿರಲಿ. ಪೇಟಿ ಔಷಧಿಯಲ್ಲ. ವೈದ್ಯರು ಮಾತ್ರೆ ಬರೆದಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ, ಅಂಗನವಾಡಿಗೆ ಬಂದಾಗ ಮಗುವನ್ನು ಮರೆಸಬೇಡಿ, ಮುಂದೆ ನಿಲ್ಲಿಸಿ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಮಗೆ ದೂರವೇನಲ್ಲ. "ಹುಚ್ಚರ ದವಾಖಾನಿ" ಎಂಬ ಹೆದರಿಕೆ ಬೇಡ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಯೂ ಕೇಳಬಹುದು, ದುಡ್ಡು ಬೇಕಿಲ್ಲ.

ಶಿಕ್ಷಕರಲ್ಲಿ ಒಂದು ವಿನಂತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೆಯ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತಿಲ್ಲ. ಮುಂದಿನ ಸಾಲಿನಲ್ಲಿ ಕೂರಿಸಿ. ಬೋರ್ಡು ಒರೆಸಲು, ನೀರು ತರಲು ಅವನನ್ನೇ ಕಳಿಸಿ. ಎದ್ದು ಓಡಾಡುವುದಕ್ಕೆ ಒಂದು ಗೌರವದ ಕಾರಣ ಸಿಕ್ಕಂತಾಗುತ್ತದೆ.

ಆ ಹುಡುಗ ಪೂರಾ ಬದಲಾಗಿದ್ದಾನೆ ಎಂದು ಹೇಳಿದರೆ ಸುಳ್ಳಾದೀತು. ಇವತ್ತಿಗೂ ಹಾಡಿನ ನಡುವೆ ಎದ್ದು ಓಡುತ್ತಾನೆ. ಆದರೆ ಈಗ ಯಾರೂ ಕರೆಯದೆ ತಾನೇ ವಾಪಸ್ ಬಂದು ಕೂರುತ್ತಾನೆ. ಕುರಿ ಕಾಯಲು ಹೋಗಿಲ್ಲ, ಶಾಲೆಗೆ ಹೋಗುತ್ತಿದ್ದಾನೆ. ಬೆನ್ನ ಮೇಲಿನ ಬಾಸುಂಡೆ ಮಾಯ್ದಿದೆ. ನಿಮ್ಮ ಓಣಿಯಲ್ಲೂ ಇಂಥ ಒಂದು ಮಗು ಇದ್ದೀತು. ಇವತ್ತು ಮನೆಗೆ ಹೋದ ಮೇಲೆ ಕೋಲನ್ನು ಬದಿಗಿಟ್ಟು, ಪೇಟಿಯ ಮೇಲಿನ ಬಟ್ಟೆ ತೆಗೆಯಿರಿ.