ಯಂತ್ರ ಬಂತು, ಕೂಲಿ ಹೋಯಿತು
(ಬೀದರ ನಗರದ ಮೈಲೂರಿನಲ್ಲಿ ಜರುಗಿದ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸಗಾರ. ವಯಸ್ಸು ನಾಲ್ವತ್ತೊಂದು. ಮೂರು ವರ್ಷಗಳಿಂದ ನನ್ನ ಎರಡೂ ಮೂತ್ರಪಿಂಡಗಳು ಕೆಲಸ ಬಿಟ್ಟಿವೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು, ಯಂತ್ರವೊಂದು ನನ್ನ ರಕ್ತವನ್ನು ಹೊರಗೆಳೆದು, ತೊಳೆದು, ಮರಳಿ ಮೈಗೆ ಕೊಡುತ್ತದೆ. ಇದಕ್ಕೆ ಡಯಾಲಿಸಿಸ್ ಎನ್ನುತ್ತಾರೆ. ಕನಿಕರ ಬೇಡಲು ನಾನಿಲ್ಲಿ ನಿಂತಿಲ್ಲ. ಲೆಕ್ಕ ಒಪ್ಪಿಸಲು ನಿಂತಿದ್ದೇನೆ.

ಮೊದಲು ನೀರಿನ ಲೆಕ್ಕ. ಬಹಮನಿ ಸುಲ್ತಾನರ ಕಾಲದಲ್ಲಿ ನೌಬಾದಿನಿಂದ ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದ ಊರು ನಮ್ಮದು. ಆ ಊರಿನವನಾದ ನನಗೆ ವೈದ್ಯರು ಹಾಕಿಕೊಟ್ಟ ಅಳತೆ ದಿನಕ್ಕೆ ಒಂದು ಲೀಟರು. ಚಹಾ, ಸಾರು, ಮಜ್ಜಿಗೆ ಎಲ್ಲವೂ ಅದರೊಳಗೇ. ಮೂತ್ರ ಹೋಗದವನು ಹೆಚ್ಚು ಕುಡಿದರೆ ಆ ನೀರು ಕಾಲಿಗೆ ಇಳಿಯುತ್ತದೆ, ಶ್ವಾಸಕೋಶಕ್ಕೂ ತುಂಬುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ತಂಬಿಗೆಯನ್ನು ನೋಡುತ್ತ ಕುಳಿತವನಿಗೇ ಆ ಬಾಯಾರಿಕೆ ಗೊತ್ತು. ಯಂತ್ರಕ್ಕಾದರೋ ಒಂದು ಸಲಕ್ಕೆ ಸುಮಾರು 120 ಲೀಟರು ಶುದ್ಧ ನೀರು ಬೇಕು! ರೋಗಿಯನ್ನು ನೋಡಲು ಬರುವವರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ತರುತ್ತಾರೆ. ದಯವಿಟ್ಟು ತರಬೇಡಿ. ಅವುಗಳಲ್ಲಿರುವ ಪೊಟ್ಯಾಸಿಯಮ್ ನಮ್ಮಂಥವರ ಹೃದಯವನ್ನೇ ನಿಲ್ಲಿಸಬಲ್ಲುದು.

ಇನ್ನು ಕೈಯ ಲೆಕ್ಕ. ಸೂಜಿ ಚುಚ್ಚುವುದಕ್ಕೆಂದು ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿದ್ದಾರೆ. ಕಿವಿಯಿಟ್ಟರೆ ರಕ್ತ ಹರಿಯುವ ಸದ್ದು ಕೇಳುತ್ತದೆ. ಈ ಕೈಯಿಂದ ಭಾರ ಎತ್ತುವಂತಿಲ್ಲ. ಮೋಟಾರು ಎತ್ತದವನು ಅಂಗಡಿಗೆ ಏತಕ್ಕೆ ಎಂದು ಮಾಲೀಕರು ಲೆಕ್ಕ ಚುಕ್ತಾ ಮಾಡಿದರು. ತಂತಿ ಸುತ್ತಲು ನನ್ನ ಬೆರಳುಗಳು ಇಂದಿಗೂ ಸಮರ್ಥವಾಗಿವೆ. ಅದನ್ನು ಅವರು ಕೇಳಲೇ ಇಲ್ಲ.

ಈ ಯಂತ್ರಕ್ಕೆ ಬಿದ್ದವನು ದುಡಿಯಲಾರನೆಂಬುದು ಸುಳ್ಳು. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಡಾ. ಸ್ಕ್ರಿಬ್ನರ್ ಅವರು ದೀರ್ಘಕಾಲದ ಡಯಾಲಿಸಿಸ್‌ಗೆ ಒಳಪಡಿಸಿದ ಮೊದಲನೆಯ ರೋಗಿ ಕ್ಲೈಡ್ ಶೀಲ್ಡ್ಸ್ ಎಂಬಾತ ಬೋಯಿಂಗ್ ಕಾರ್ಖಾನೆಯ ಕೆಲಸಗಾರ. ವಯಸ್ಸು ಮೂವತ್ತೊಂಬತ್ತು. ಆತ ಇನ್ನೂ ಹನ್ನೊಂದು ವರ್ಷ ಬದುಕಿದ. ಆದರೆ ಆಗ ಯಂತ್ರಗಳು ಕೆಲವೇ ಇದ್ದುದರಿಂದ ಯಾರು ಬದುಕಬೇಕೆಂದು ತೀರ್ಮಾನಿಸಲು ಅಲ್ಲಿ ಒಂದು ಸಮಿತಿಯೇ ಕೂತಿತು. ರೋಗಿಯ ಆದಾಯವೆಷ್ಟು, ಚರ್ಚಿಗೆ ಹೋಗುತ್ತಾನೆಯೇ ಎಂಬುದನ್ನೂ ತೂಗಿ ನೋಡಿತು!

ನಮ್ಮ ಜಯಪ್ರಕಾಶರನ್ನು ನೆನೆಯಿರಿ. 1975ರಲ್ಲಿ ಸೆರೆಯಲ್ಲಿದ್ದಾಗ ಅವರ ಮೂತ್ರಪಿಂಡಗಳು ಕೆಟ್ಟವು. ಪ್ರಧಾನಿಯವರು ಯಂತ್ರಕ್ಕೆಂದು ಕಳಿಸಿದ ಹಣವನ್ನು ಅವರು ಒಪ್ಪಲಿಲ್ಲ. ಜನರು ಕೊಟ್ಟ ಚಂದಾ ಹಣವನ್ನು ಒಪ್ಪಿದರು. ಡಯಾಲಿಸಿಸ್ ಮೇಲೆ ಬದುಕುತ್ತಲೇ 1977ರ ಚುನಾವಣೆಗೆ ವಿರೋಧ ಪಕ್ಷಗಳನ್ನು ಒಂದುಗೂಡಿಸಿದರು. 1979ರ ಅಕ್ಟೋಬರ್ 8ರವರೆಗೆ ಬದುಕಿದರು.

2016ರಲ್ಲಿ ಕೇಂದ್ರ ಸರಕಾರ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಪುಕ್ಕಟೆ ಡಯಾಲಿಸಿಸ್ ಯೋಜನೆಯನ್ನು ಸಾರಿತು. ಒಳ್ಳೆಯದಾಯಿತು, ಅಲ್ಲಗಳೆಯುವುದಿಲ್ಲ. ಆದರೆ ಪುಕ್ಕಟೆಯಾದದ್ದು ಯಂತ್ರ. ನಮ್ಮ ದಿನ ಪುಕ್ಕಟೆಯಲ್ಲ. ನನ್ನ ಪಕ್ಕದ ಹಾಸಿಗೆಯ ಅಣ್ಣ ಔರಾದ ಕಡೆಯ ಹಳ್ಳಿಯಿಂದ ಬರುತ್ತಾನೆ. ಹಗಲು ಸರದಿಯಾದ್ದರಿಂದ ವಾರಕ್ಕೆ ಮೂರು ದಿನದ ಕೂಲಿ ಹೋಯಿತು. ಜೊತೆಗೆ ಬರುವ ಅತ್ತಿಗೆಯದೂ ಹೋಯಿತು. 2023ರ ಶಕ್ತಿ ಯೋಜನೆಯಿಂದ ಅತ್ತಿಗೆಗೆ ಬಸ್ಸಿನಲ್ಲಿ ಟಿಕೇಟಿಲ್ಲ. ರೋಗಿಯಾದ ಗಂಡಸು ಮಾತ್ರ ದುಡ್ಡು ಕೊಡಬೇಕು!

ಗಡಿಯಾಚೆ ನೋಡಿರಿ. ತೆಲಂಗಾಣದಲ್ಲಿ 2022ರಲ್ಲಿ ಡಯಾಲಿಸಿಸ್ ರೋಗಿಗಳಿಗೆ ತಿಂಗಳಿಗೆ 2,016 ರೂಪಾಯಿ ಪಿಂಚಣಿ ಗೊತ್ತುಮಾಡಿದರು. ಆಂಧ್ರದವರು ತಿಂಗಳಿಗೆ 10,000ದವರೆಗೆ ಹೋಗಿದ್ದಾರೆ. ಜಹೀರಾಬಾದಿನ ರಕ್ತಕ್ಕೂ ಬೀದರದ ರಕ್ತಕ್ಕೂ ಏನು ವ್ಯತ್ಯಾಸ? 2016ರ ಅಂಗವಿಕಲರ ಕಾಯಿದೆ ಇಪ್ಪತ್ತೊಂದು ನ್ಯೂನತೆಗಳನ್ನು ಹೆಸರಿಸಿದೆ; ಅದರಲ್ಲಿ ಮೂತ್ರಪಿಂಡದ ವೈಫಲ್ಯವಿಲ್ಲ.

ಆದುದರಿಂದ ನಮ್ಮ ಅರ್ಜಿಯಲ್ಲಿ ನಾಲ್ಕು ಮಾತು ಬರೆದಿದ್ದೇವೆ: ದುಡಿಯುವವರಿಗೆ ಸಂಜೆಯ ಸರದಿ, ರೋಗಿಗೆ ಬಸ್ ಪಾಸು, ತಿಂಗಳ ಪಿಂಚಣಿ, ಕಾಯಿದೆಯ ಪಟ್ಟಿಯಲ್ಲಿ ಹೆಸರು. ಕಾಗದ ಮೇಜಿನ ಮೇಲಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿರಿ. ನಾಳೆ ನನ್ನ ಸೂಜಿಯ ದಿನ. ಅದಕ್ಕಾಗಿ ಇಂದೇ ತುಂಬಿಸಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.